ನಮಗಿಂತ ಮುಂಚೆ ಬಂದ ವಿಮಾನ ಇಳಿಯಿತು, ನಮ್ಮದು ಯಾಕೆ ಇಳಿಯಲಿಲ್ಲ?

ಮೇ ತಿಂಗಳ ಒಂದು ಸಂಜೆ ಮುಂಬೈಯಿಂದ ಬೆಂಗಳೂರಿಗೆ ಬರುತ್ತಿದ್ದೆ. ದೇವನಹಳ್ಳಿ ಹತ್ತಿರವಾಗುತ್ತಿದ್ದ ಹಾಗೆ ಕಿಟಕಿಯಾಚೆ ಕಪ್ಪು ಮೋಡ ಗೋಡೆಯ ಹಾಗೆ ಎದ್ದು ನಿಂತಿತ್ತು. ಅದರ ಹೊಟ್ಟೆಯೊಳಗೆ ಮಿಂಚು. ಅರ್ಧ ಗಂಟೆ ಅಲ್ಲೇ ಸುತ್ತು ಹೊಡೆದೆವು. ಆಮೇಲೆ ಕ್ಯಾಪ್ಟನ್ ದನಿ ಬಂತು: ಚೆನ್ನೈಗೆ ಹೋಗುತ್ತಿದ್ದೇವೆ. ಅಲ್ಲಿ ಇಳಿದ ಕೂಡಲೇ ಪಕ್ಕದ ಸೀಟಿನ ಹಿರಿಯರು ಮಗನಿಗೆ ಫೋನ್ ಮಾಡಿದರು. ಮಾತು ಮುಗಿಸಿ ನನ್ನ ಕಡೆ ತಿರುಗಿ ಬೇಸರದಿಂದ ಕೇಳಿದರು: "ನಮಗಿಂತ ಹತ್ತು ನಿಮಿಷ ಮುಂಚೆ ಬಂದಿದ್ದು ಇಳಿದಿದೆಯಂತೆ ಕಣ್ರೀ. ನಮ್ಮದಕ್ಕೆ ಮಾತ್ರ ಏನಾಗಿತ್ತು?"

ನ್ಯಾಯವಾದ ಪ್ರಶ್ನೆಯೇ. ಆದರೆ ಹಸಿದು, ದಣಿದು ಕೂತಿದ್ದವರಿಗೆ ಆ ಹೊತ್ತಿನಲ್ಲಿ ಏನು ಹೇಳುವುದು? ಅದಕ್ಕೆ ಉತ್ತರ ಹೇಳಬೇಕಾದರೆ 1985ರ ಒಂದು ಸಂಜೆಗೆ, ಅಮೆರಿಕದ ಟೆಕ್ಸಾಸ್‌ಗೆ ಹೋಗಬೇಕು.

ಅಂದು ಆಗಸ್ಟ್ 2. ಡೆಲ್ಟಾ ಏರ್‌ಲೈನ್ಸ್‌ನ 191ನೇ ನಂಬರಿನ ವಿಮಾನ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ಹೊರಟಿತ್ತು. ಡಲ್ಲಾಸ್-ಫೋರ್ಟ್ ವರ್ತ್‌ನಲ್ಲಿ ಇಳಿದು, ಅಲ್ಲಿಂದ ಲಾಸ್ ಏಂಜಲಿಸ್‌ಗೆ ಹೋಗಬೇಕು. ಲಾಕ್‌ಹೀಡ್ ಕಂಪನಿಯ ಟ್ರೈಸ್ಟಾರ್, ಮೂರು ಎಂಜಿನ್ನಿನ ದೊಡ್ಡ ವಿಮಾನ. ಒಳಗೆ 152 ಪ್ರಯಾಣಿಕರು, 11 ಸಿಬ್ಬಂದಿ.

ಟೆಕ್ಸಾಸ್‌ನ ಬೇಸಿಗೆ ಎಂದರೆ ಸುಡುಬಿಸಿಲು. ಅಂಥ ಸಂಜೆಗಳಲ್ಲಿ ಅಲ್ಲೊಂದು ಇಲ್ಲೊಂದು ಗುಡುಗುಮೋಡ ಏಳುವುದು ಮಾಮೂಲು. ಅವತ್ತೂ ಹಾಗೇ ಇತ್ತು. ಊರನ್ನೇ ಮುಚ್ಚಿ ಹಾಕುವ ದೊಡ್ಡ ಬಿರುಗಾಳಿ ಏನೂ ಇರಲಿಲ್ಲ. ಆದರೆ ವಿಮಾನ ಇಳಿಯುವ ದಾರಿಯಲ್ಲೇ, ರನ್‌ವೇಯ ಉತ್ತರಕ್ಕೆ, ಚಿಕ್ಕ ಮೋಡವೊಂದು ಕೆಲವೇ ನಿಮಿಷಗಳಲ್ಲಿ ಉಬ್ಬಿ ದೈತ್ಯನಾಯಿತು. ಆ ಭಾಗದ ವಿಮಾನಗಳಿಗೆ ಹವಾಮಾನ ನೋಡಿ ಹೇಳಬೇಕಿದ್ದ ತಜ್ಞರು ಆ ಹೊತ್ತಿನಲ್ಲಿ ಊಟಕ್ಕೆ ಎದ್ದು ಹೋಗಿದ್ದರು. ಅವರು ವಾಪಸ್ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮೋಡ ಬೆಳೆಯುವ ವೇಗ ಅಂಥದ್ದು.

ಡೆಲ್ಟಾ ವಿಮಾನದ ಮುಂದೆ ಒಂದು ಪುಟ್ಟ ಲಿಯರ್‌ಜೆಟ್ ಇಳಿಯುತ್ತಿತ್ತು. ಅದು ಅದೇ ಮಳೆಯೊಳಗೆ ನುಗ್ಗಿ, ಆಚೆ ಬಂದು, ಕ್ಷೇಮವಾಗಿ ನೆಲ ಮುಟ್ಟಿತು.

ಕಾಕ್‌ಪಿಟ್‌ನ ಧ್ವನಿಮುದ್ರಣ ಆಮೇಲೆ ಸಿಕ್ಕಿತು. ವಿಮಾನ ನಡೆಸುತ್ತಿದ್ದವರು ಸಹ ಪೈಲಟ್. ನಮ್ಮ ವಿಮಾನಕ್ಕೆ ಇವತ್ತು ಸ್ನಾನ ಆಗುತ್ತೆ ಎಂಬ ಅರ್ಥದ ಮಾತು ಅದರಲ್ಲಿದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳುತ್ತಾರೆ, ಆ ಮೋಡದಿಂದ ಮಿಂಚು ಬರುತ್ತಿದೆ ಎಂದು. ಎಲ್ಲಿ ಎಂದು ಕೇಳಿದರೆ, ನೇರ ನಮ್ಮ ಎದುರಿಗೇ ಎನ್ನುತ್ತಾರೆ. ಕಂಡಿತ್ತು. ಆದರೂ ಮುಂದುವರಿದರು.

ನೆಲದಿಂದ ಸುಮಾರು 800 ಅಡಿ ಎತ್ತರದಲ್ಲಿ ಒಂದು ವಿಚಿತ್ರ ನಡೆಯಿತು. ಎಂಜಿನ್ನಿಗೆ ಶಕ್ತಿ ಹೆಚ್ಚಿಸದೇ ಇದ್ದರೂ ವಿಮಾನದ ವೇಗ ತಾನಾಗಿ ಏರಿತು. ಗಂಟೆಗೆ ಸುಮಾರು 320 ಕಿ.ಮೀ. ಆಯಿತು. ಕ್ಯಾಪ್ಟನ್ ಅನುಭವಸ್ಥರು, ಅವರಿಗೆ ತಕ್ಷಣ ವಾಸನೆ ಬಡಿಯಿತು. ವೇಗ ನೋಡಿಕೋ ಎಂದರು. ಇದು ಇದ್ದಕ್ಕಿದ್ದ ಹಾಗೆ ಹೋಗಿಬಿಡುತ್ತೆ ಎಂದರು. ಅದೇ ಉಸಿರಿನಲ್ಲಿ, ಅಗೋ ಹೋಯ್ತು ಎಂದರು. ಎಂಜಿನ್ ಪೂರ್ತಿ ಏರಿಸು ಎಂದು ಕೂಗಿದರು. ಕೆಲವೇ ಸೆಕೆಂಡುಗಳಲ್ಲಿ ವೇಗ 220 ಕಿ.ಮೀ. ಆಸುಪಾಸಿಗೆ ಕುಸಿಯಿತು. ಒಮ್ಮೆ ಹೇಗೋ ಸಾವರಿಸಿಕೊಂಡ ವಿಮಾನ ಮರುಕ್ಷಣವೇ ಇನ್ನೊಂದು ಸುಳಿಗೆ ಸಿಕ್ಕಿ ಬಲಕ್ಕೆ ವಾಲಿತು.

ರನ್‌ವೇಗೆ ಇನ್ನೂ ಎರಡು ಕಿ.ಮೀ.ಯಷ್ಟು ದೂರ ಇರುವಾಗ ಚಕ್ರಗಳು ಹೊಲದ ಮಣ್ಣು ಮುಟ್ಟಿದವು. ವಿಮಾನ ಪುಟಿದು ಹೆದ್ದಾರಿ ದಾಟಿತು. ದಾಟುವಾಗ ಕಾರೊಂದಕ್ಕೆ ಬಡಿದು ಅದನ್ನು ಓಡಿಸುತ್ತಿದ್ದವರು ತೀರಿಕೊಂಡರು. ಅಲ್ಲಿಂದ ಮುಂದೆ ಜಾರಿ, ವಿಮಾನ ನಿಲ್ದಾಣದ ಎರಡು ದೊಡ್ಡ ನೀರಿನ ಟ್ಯಾಂಕುಗಳ ಹತ್ತಿರ ಹೋಗಿ ಒಡೆದು, ಹೊತ್ತಿ ಉರಿಯಿತು. ವಿಮಾನದಲ್ಲಿದ್ದ 163 ಜನರಲ್ಲಿ ಉಳಿದವರು 27 ಮಂದಿ. ಅವರಲ್ಲಿ ಹೆಚ್ಚಿನವರು ಹಿಂಬದಿ ಸೀಟುಗಳಲ್ಲಿ ಕೂತಿದ್ದವರು. ಬಾಲದ ಭಾಗ ಕಳಚಿ ಬೇರೆ ಬಿದ್ದಿತ್ತು.

ಲಿಯರ್‌ಜೆಟ್‌ಗೆ ದಾರಿ ಕೊಟ್ಟ ಮೋಡ ಟ್ರೈಸ್ಟಾರ್‌ಗೆ ಯಾಕೆ ಕೊಡಲಿಲ್ಲ?

ಇದು ಅರ್ಥ ಆಗಬೇಕಾದರೆ ಗುಡುಗುಮೋಡ ಹೇಗೆ ಬದುಕುತ್ತದೆ, ಹೇಗೆ ಸಾಯುತ್ತದೆ ಎಂದು ನೋಡಬೇಕು. ನೆಲ ಕಾದಾಗ ಬಿಸಿ ಗಾಳಿ ಮೇಲೇರುತ್ತದೆ. ಅದರ ಜೊತೆ ನೀರಾವಿಯೂ ಏರುತ್ತದೆ. ಮೇಲೆ ಹೋದ ಹಾಗೆ ತಣ್ಣಗಾಗಿ ಹನಿಯಾಗುತ್ತದೆ, ಇನ್ನೂ ಮೇಲೆ ಆಲಿಕಲ್ಲಾಗುತ್ತದೆ. ಏರುವ ಗಾಳಿಗೆ ಬಲ ಇರುವ ತನಕ ಈ ನೀರೆಲ್ಲ ಮೇಲೆಯೇ ತೂಗಿಕೊಂಡಿರುತ್ತದೆ. ಒಂದು ಹೊತ್ತಿನಲ್ಲಿ ಭಾರ ಹೆಚ್ಚಾಗುತ್ತದೆ. ನೀರು, ಆಲಿಕಲ್ಲು ಕೆಳಗೆ ಬೀಳಲು ಶುರುವಾದಾಗ ಸುತ್ತಲ ಗಾಳಿಯನ್ನೂ ಎಳೆದುಕೊಂಡು ಬರುತ್ತವೆ.

ಅಷ್ಟೇ ಆಗಿದ್ದರೆ ಇಷ್ಟು ಅಪಾಯ ಇರುತ್ತಿರಲಿಲ್ಲ. ಬೀಳುವ ದಾರಿಯಲ್ಲಿ ಗಾಳಿ ಒಣಗಿದ್ದರೆ ಹನಿಗಳು ಆವಿಯಾಗುತ್ತವೆ. ಆವಿಯಾಗುವಾಗ ಸುತ್ತಲ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತವೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಇದೇ ಕಾರಣಕ್ಕೆ. ತಣ್ಣಗಾದ ಗಾಳಿ ಭಾರ. ಭಾರವಾದ ಗಾಳಿ ಇನ್ನೂ ಜೋರಾಗಿ ಬೀಳುತ್ತದೆ. ಹೀಗೆ ಮೋಡದ ಬುಡದಿಂದ ತಣ್ಣನೆ ಗಾಳಿಯ ಕಂಬವೊಂದು ನೆಲಕ್ಕೆ ಅಪ್ಪಳಿಸುತ್ತದೆ.

ತುಂಬಿದ ಬಿಂದಿಗೆಯನ್ನು ಅಂಗಳದ ಚಪ್ಪಡಿ ಮೇಲೆ ಒಮ್ಮೆಗೇ ಬೋರಲು ಹಾಕಿ ನೋಡಿ. ನೀರು ನೇರ ಕೆಳಗೆ ಬೀಳುತ್ತದೆ, ಕಲ್ಲಿಗೆ ಬಡಿಯುತ್ತದೆ, ಎಲ್ಲ ದಿಕ್ಕಿಗೂ ಚಿಮ್ಮಿ ಹರಡುತ್ತದೆ. ಗಾಳಿಯೂ ಹಾಗೆಯೇ. ಇದರ ಹೆಸರು ಮೈಕ್ರೋಬರ್ಸ್ಟ್. ಅಗಲ ನಾಲ್ಕು ಕಿ.ಮೀ.ಗಿಂತ ಕಡಿಮೆ. ಆಯಸ್ಸು ಸುಮಾರು ಐದರಿಂದ ಹದಿನೈದು ನಿಮಿಷ.

ಇದರ ಸೌಮ್ಯ ರೂಪ ನಮಗೆಲ್ಲ ಗೊತ್ತು. ಭರಣಿ ಮಳೆಯ ದಿನಗಳನ್ನು ನೆನಪು ಮಾಡಿಕೊಳ್ಳಿ. ಇಡೀ ಮಧ್ಯಾಹ್ನ ಧಗೆ, ಒಂದೆಲೆಯೂ ಅಲುಗುವುದಿಲ್ಲ. ಸಂಜೆ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಮಣ್ಣಿನ ವಾಸನೆ ಹೊತ್ತ ತಣ್ಣನೆ ಗಾಳಿ ನುಗ್ಗಿ ಬರುತ್ತದೆ. ಬಾಗಿಲು ದಡಾರ್ ಎನ್ನುತ್ತದೆ. ಅಮ್ಮ ಒಣಗಿಸಿದ ಬಟ್ಟೆ ಎತ್ತಿಕೊಳ್ಳಲು ಓಡುತ್ತಾಳೆ. ಮಳೆ ಇನ್ನೂ ಬಂದೇ ಇರುವುದಿಲ್ಲ. ಆ ಗಾಳಿ ಎಲ್ಲೋ ಆಚೆ ಊರಿನಲ್ಲಿ ಮೋಡದಿಂದ ಕೆಳಗೆ ಬಿದ್ದು, ನೆಲಕ್ಕೆ ಬಡಿದು, ನಮ್ಮ ಕಡೆ ಹರಡಿಕೊಂಡು ಬಂದದ್ದು. ನಮಗೆ ಅದು ಹಿತ. ಇಳಿಯುತ್ತಿರುವ ವಿಮಾನ ಅದರ ನಟ್ಟನಡುವೆ ಸಿಕ್ಕಿದರೆ ಕಥೆಯೇ ಬೇರೆ.

ಯಾಕೆ ಬೇರೆ? ವಿಮಾನವನ್ನು ಮೇಲೆ ಹಿಡಿದಿಡುವುದು ರೆಕ್ಕೆಯ ಮೇಲೆ ಹರಿಯುವ ಗಾಳಿ. ನೆಲದ ಲೆಕ್ಕದಲ್ಲಿ ಎಷ್ಟು ವೇಗ ಎಂಬುದು ರೆಕ್ಕೆಗೆ ಬೇಕಿಲ್ಲ. ಗಾಳಿಯ ಲೆಕ್ಕದಲ್ಲಿ ಎಷ್ಟು ವೇಗ ಎಂಬುದಷ್ಟೇ ಬೇಕು. ಎದುರುಗಾಳಿ ಇದ್ದರೆ ರೆಕ್ಕೆಗೆ ಪುಕ್ಕಟೆ ಗಾಳಿ ಸಿಕ್ಕ ಹಾಗೆ. ಬೆನ್ನ ಹಿಂದಿನಿಂದ ಗಾಳಿ ಬೀಸಿದರೆ ಅಷ್ಟು ಕಳೆದುಕೊಂಡ ಹಾಗೆ.

ಈಗ ಚಿಮ್ಮುತ್ತಿರುವ ಬಿಂದಿಗೆ ನೀರಿನ ನಡುವೆ ಒಂದು ಇರುವೆ ಈ ಕಡೆಯಿಂದ ಆ ಕಡೆಗೆ ದಾಟುತ್ತಿದೆ ಎಂದುಕೊಳ್ಳಿ. ಮೊದಲು ನೀರು ಅದರ ಮುಖಕ್ಕೆ ಬಡಿಯುತ್ತದೆ. ನಡುವೆ ತಲೆಯ ಮೇಲೆ ಸುರಿಯುತ್ತದೆ. ಆಮೇಲೆ ಬೆನ್ನಿಗೆ ಬಡಿದು ಮುಂದಕ್ಕೆ ತಳ್ಳುತ್ತದೆ. ವಿಮಾನಕ್ಕೂ ಇದೇ ಕ್ರಮ. ಮೊದಲು ಎದುರುಗಾಳಿ ಸಿಗುತ್ತದೆ. ವೇಗದ ಮುಳ್ಳು ಏರುತ್ತದೆ, ವಿಮಾನ ಮೇಲಕ್ಕೆ ತೇಲುತ್ತದೆ. ಪೈಲಟ್‌ಗೆ ಏನನ್ನಿಸುತ್ತದೆ? ವೇಗ ಜಾಸ್ತಿಯಾಯಿತು, ಎಂಜಿನ್ ತಗ್ಗಿಸೋಣ ಎಂದು. ಬೇರೆ ಯಾವ ದಿನವಾದರೂ ಅದು ಸರಿಯಾದ ಕೆಲಸವೇ. ಆದರೆ ಇಲ್ಲಿ ಎಂಜಿನ್ ತಗ್ಗಿಸಿದ ಹೊತ್ತಿಗೇ ತಲೆಯ ಮೇಲಿನಿಂದ ಗಾಳಿ ಸುರಿಯುತ್ತದೆ. ಅದರ ಬೆನ್ನಿಗೇ ಹಿಂದಿನಿಂದ ಗಾಳಿ.

ಡೆಲ್ಟಾ ವಿಮಾನಕ್ಕೆ ಮೊದಲು ಎದುರಿನಿಂದ ಗಂಟೆಗೆ ಸುಮಾರು 48 ಕಿ.ಮೀ. ಗಾಳಿ ಸಿಕ್ಕಿತ್ತು. ಆಮೇಲೆ ಬೆನ್ನ ಹಿಂದಿನಿಂದ ಸುಮಾರು 85 ಕಿ.ಮೀ. ಒಟ್ಟು 130ಕ್ಕೂ ಜಾಸ್ತಿ ವ್ಯತ್ಯಾಸ. ನೂರು ಟನ್ನಿಗೂ ಹೆಚ್ಚು ತೂಕದ ವಿಮಾನ ಅಷ್ಟು ವೇಗವನ್ನು ಸುಮ್ನೆ ಒಂದೆರಡು ಸೆಕೆಂಡಿನಲ್ಲಿ ಮತ್ತೆ ಗಳಿಸಲಾರದು. ತಗ್ಗಿಸಿದ ಜೆಟ್ ಎಂಜಿನ್ ಪೂರ್ತಿ ಬಲಕ್ಕೆ ಬರಲೂ ಹಲವು ಸೆಕೆಂಡು ಹಿಡಿಯುತ್ತದೆ. ಕೆಳಗೆ ಉಳಿದಿರುವುದೇ ಕೆಲವು ನೂರು ಅಡಿ. ಮೈಕ್ರೋಬರ್ಸ್ಟ್‌ನ ಕ್ರೂರತನ ಇರುವುದು ಇಲ್ಲೇ. ಅದು ಮೊದಲು ಕೊಡುತ್ತದೆ, ಆಮೇಲೆ ಕಸಿಯುತ್ತದೆ. ಕೊಟ್ಟದ್ದನ್ನು ನಂಬಿದವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಇದನ್ನು ಮೊದಲು ಸರಿಯಾಗಿ ಗುರುತಿಸಿದವರು ಜಪಾನ್‌ನಲ್ಲಿ ಹುಟ್ಟಿ, ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಟೆಟ್ಸುಯಾ ಫುಜಿಟಾ. ಸುಂಟರಗಾಳಿಯ ಬಲ ಅಳೆಯುವ ಫುಜಿಟಾ ಮಾಪಕ ಇವರದ್ದೇ. 1945ರಲ್ಲಿ ಅಣುಬಾಂಬ್ ಬಿದ್ದ ಮೇಲೆ ಯುವಕ ಫುಜಿಟಾ ನಾಗಸಾಕಿ ಮತ್ತು ಹಿರೋಶಿಮಾಗೆ ಹೋಗಿ ಹಾನಿಯನ್ನು ಅಧ್ಯಯನ ಮಾಡಿದ್ದರು. ಬಾಂಬ್ ಸಿಡಿದ ಜಾಗದ ಸುತ್ತ ಮರಗಳು ಎಲ್ಲ ದಿಕ್ಕಿಗೂ ಹೊರಮುಖವಾಗಿ ವಾಲಿದ್ದು ಅವರ ಕಣ್ಣಲ್ಲಿ ಉಳಿಯಿತು. ಸುಮಾರು ಮೂವತ್ತು ವರ್ಷಗಳ ನಂತರ, 1974ರಲ್ಲಿ, ಸುಂಟರಗಾಳಿಗಳ ಹಾನಿ ನೋಡಲು ವೆಸ್ಟ್ ವರ್ಜೀನಿಯಾದ ಕಾಡಿನ ಮೇಲೆ ಹಾರುವಾಗ ಅಂಥದ್ದೇ ಚಿತ್ರ ಕಂಡಿತು. ಸುಂಟರಗಾಳಿ ಬೀಳಿಸಿದ ಮರಗಳು ಸುರುಳಿಯಾಗಿ ಬಿದ್ದಿರಬೇಕಿತ್ತು. ಇವು ನಕ್ಷತ್ರದ ಹಾಗೆ ಹರಡಿ ಬಿದ್ದಿದ್ದವು. ಮೇಲಿನಿಂದ ಏನೋ ಬಂದು ಅಪ್ಪಳಿಸಿದ ಹಾಗೆ.

ಮರುವರ್ಷ, 1975ರ ಜೂನ್ 24ರಂದು, ನ್ಯೂಯಾರ್ಕ್‌ನ ಕೆನಡಿ ವಿಮಾನ ನಿಲ್ದಾಣದಲ್ಲಿ ಈಸ್ಟರ್ನ್ ಏರ್‌ಲೈನ್ಸ್‌ನ 66ನೇ ನಂಬರಿನ ವಿಮಾನ ಇಳಿಯುವಾಗ ಬಿತ್ತು. 124 ಜನರಲ್ಲಿ 113 ಮಂದಿ ತೀರಿಕೊಂಡರು. ತನಿಖೆಯಲ್ಲಿ ನೆರವಾಗಲು ಫುಜಿಟಾರನ್ನು ಕರೆದರು. ಆ ಸಂಜೆಯ ವಿವರಗಳು ಎಂಥವರಿಗೂ ಗೊಂದಲ ತರುವಂಥವು. ಅದೇ ರನ್‌ವೇಗೆ ಒಂದರ ಹಿಂದೆ ಒಂದು ವಿಮಾನ ಬಂದಿವೆ. ಕೆಲವು ಏನೂ ಆಗದ ಹಾಗೆ ಇಳಿದಿವೆ. ಸರಕು ವಿಮಾನವೊಂದು ಹೇಗೋ ಇಳಿದು, ಇಲ್ಲಿ ಗಾಳಿ ಭಯಂಕರ ಇದೆ, ರನ್‌ವೇ ಬದಲಿಸಿ ಎಂದು ಎಚ್ಚರಿಸಿದೆ. ಅದರ ಹಿಂದಿನದು ಇಳಿಯುವುದನ್ನೇ ಬಿಟ್ಟು ಮೇಲಕ್ಕೆ ಹೋಗಿದೆ. ಆಮೇಲೆ ಬಂದ ಕೆಲವು ಮತ್ತೆ ಇಳಿದಿವೆ. ಅವುಗಳ ಹಿಂದೆ ಬಂದ 66 ಬಿದ್ದಿದೆ.

ಫುಜಿಟಾ ಪ್ರತಿಯೊಂದು ವಿಮಾನ ಯಾವ ನಿಮಿಷಕ್ಕೆ ಎಲ್ಲಿತ್ತು, ಅದಕ್ಕೆ ಎಂಥ ಗಾಳಿ ಸಿಕ್ಕಿತು ಎಂದು ಜೋಡಿಸಿದರು. ಆಗ ಚಿತ್ರ ತಿಳಿಯಾಯಿತು. ಚಿಕ್ಕ ಚಿಕ್ಕ ಗಾಳಿಯ ಹೊಡೆತಗಳು ಒಂದಾದ ಮೇಲೊಂದು ಬೀಳುತ್ತಿದ್ದವು. ಎರಡರ ನಡುವೆ ಬಂದವರು ಪಾರಾದರು. ಒಂದರ ಕೆಳಗೆ ಸಿಕ್ಕವರು ಪಾರಾಗಲಿಲ್ಲ.

ಹಲವು ಹವಾಮಾನ ತಜ್ಞರು ಇದನ್ನು ಒಪ್ಪಲಿಲ್ಲ. ಕೆಳಗಿಳಿಯುವ ಗಾಳಿ ನೆಲದ ಹತ್ತಿರ ಬರುವಷ್ಟರಲ್ಲಿ ಸೊರಗಿ ಹೋಗುತ್ತದೆ, ಇದು ಮಾಮೂಲಿ ಮಳೆಗಾಳಿಗೆ ಕೊಟ್ಟ ಹೊಸ ಹೆಸರು ಎಂದರು. ಫುಜಿಟಾ ವಾದ ಮಾಡುತ್ತಾ ಕೂರಲಿಲ್ಲ, ಅಳೆಯಲು ಹೊರಟರು. ಅವರ ಬಗ್ಗೆ ನನಗೆ ತುಂಬಾ ಗೌರವ ಇರುವುದು ಇದಕ್ಕೇ. 1978ರಲ್ಲಿ ಶಿಕಾಗೊ ಸುತ್ತ, ಗಾಳಿಯ ಓಟವನ್ನೂ ಅಳೆಯಬಲ್ಲ ಡಾಪ್ಲರ್ ರಾಡಾರ್ ಇಟ್ಟು 42 ದಿನ ಕಾದರು. 50 ಮೈಕ್ರೋಬರ್ಸ್ಟ್ ಸಿಕ್ಕವು. 1982ರಲ್ಲಿ ಡೆನ್ವರ್ ಸುತ್ತ 86 ದಿನಗಳಲ್ಲಿ 186. ಅಪರೂಪ ಎಂದುಕೊಂಡಿದ್ದು ಬೇಸಿಗೆಯ ದಿನನಿತ್ಯದ ಸಂಗತಿಯಾಗಿತ್ತು. ಆ 1982ರ ಜುಲೈ ತಿಂಗಳಲ್ಲೇ ನ್ಯೂ ಓರ್ಲಿಯನ್ಸ್ ಹತ್ತಿರ ಪ್ಯಾನ್ ಆಮ್ ವಿಮಾನವೊಂದು ಮೇಲೇರಿದ ಕೂಡಲೇ ಮೈಕ್ರೋಬರ್ಸ್ಟ್‌ಗೆ ಸಿಕ್ಕಿ ಮನೆಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ 145 ಜನ, ನೆಲದ ಮೇಲಿದ್ದ 8 ಜನ ಸತ್ತರು. ಮರುವರ್ಷ ಅಧ್ಯಕ್ಷ ರೇಗನ್ ಇದ್ದ ವಿಮಾನ ವಾಷಿಂಗ್ಟನ್ ಬಳಿಯ ಆಂಡ್ರ್ಯೂಸ್ ವಾಯುನೆಲೆಯಲ್ಲಿ ಇಳಿದ ಕೆಲವೇ ನಿಮಿಷಗಳಲ್ಲಿ ಅದೇ ನೆಲೆಯ ಮೇಲೆ ಭಾರೀ ಮೈಕ್ರೋಬರ್ಸ್ಟ್ ಬಡಿಯಿತು.

ಇಷ್ಟೆಲ್ಲ ಗೊತ್ತಿದ್ದೂ 1985ರಲ್ಲಿ ಡಲ್ಲಾಸ್ ಯಾಕೆ ನಡೆಯಿತು? ಗೊತ್ತಿದ್ದದ್ದು ಪ್ರಯೋಗಾಲಯದಲ್ಲಿತ್ತು, ಕಾಕ್‌ಪಿಟ್ ತನಕ ಬಂದಿರಲಿಲ್ಲ. ಡಲ್ಲಾಸ್‌ನಲ್ಲಿ ಗಾಳಿಯ ಎಚ್ಚರಿಕೆ ಕೊಡುವ ವ್ಯವಸ್ಥೆ ಇತ್ತು. ಆದರೆ ಅದು ನಿಲ್ದಾಣದೊಳಗೆ ಅಲ್ಲಲ್ಲಿ ಕಂಬ ನೆಟ್ಟು ಗಾಳಿ ಅಳೆಯುವಂಥದ್ದು. ಗಾಳಿಯ ಹೊಡೆತ ಬಿದ್ದದ್ದು ಅದರಾಚೆ. ಎಚ್ಚರಿಕೆಯ ಗಂಟೆ ಬಾರಿಸಿದ್ದು ವಿಮಾನ ಬಿದ್ದ ಮೇಲೆ. ತನಿಖಾ ಮಂಡಳಿ ಮೂರು ಕಾರಣ ಹೇಳಿತು. ಮಿಂಚುತ್ತಿದ್ದ ಮೋಡದೊಳಗೆ ಇಳಿಯಲು ಹೋಗಿ, ಅದನ್ನು ಕೈಬಿಡದೆ ಮುಂದುವರಿದದ್ದು. ಇಂಥ ಗಾಳಿಯಿಂದ ದೂರ ಇರಲು, ಸಿಕ್ಕಿದರೆ ಪಾರಾಗಲು ಬೇಕಾದ ನಿಯಮ ಮತ್ತು ತರಬೇತಿ ಇಲ್ಲದೆ ಇದ್ದದ್ದು. ಆ ಕ್ಷಣದ ಗಾಳಿಯ ನಿಖರ ಮಾಹಿತಿ ಸಿಗದೆ ಇದ್ದದ್ದು. ತಪ್ಪನ್ನೆಲ್ಲ ಪೈಲಟ್‌ಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ. ಮುಂದಿನ ಬದಲಾವಣೆಗಳು ಹುಟ್ಟಿದ್ದು ಉಳಿದ ಎರಡು ಕಾರಣಗಳಿಂದ.

ಮೊದಲು ಬದಲಾದದ್ದು ತರಬೇತಿ. ಗುಡುಗುಮೋಡದ ಹತ್ತಿರ ವೇಗ ಕಾರಣವಿಲ್ಲದೆ ಏರಿದರೆ ಖುಷಿಪಡಬೇಡಿ, ಅದೇ ಅಪಾಯದ ಮೊದಲ ಸೂಚನೆ ಎಂದು ಕಲಿಸಲು ಶುರುಮಾಡಿದರು. ಆ ಕ್ಷಣವೇ ಇಳಿಯುವುದನ್ನು ಬಿಟ್ಟು, ಎಂಜಿನ್ ಪೂರ್ತಿ ಏರಿಸಿ, ಮೂತಿ ಮೇಲೆತ್ತಬೇಕು. ಚಕ್ರ ಮತ್ತು ರೆಕ್ಕೆಯ ಫ್ಲ್ಯಾಪ್‌ಗಳನ್ನು ಸುಳಿಯಿಂದ ಆಚೆ ಬರುವ ತನಕ ಮುಟ್ಟಬಾರದು. ಇವತ್ತು ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ.

ಆಮೇಲೆ ರಾಡಾರ್. ಹಳೆಯ ರಾಡಾರ್‌ಗೆ ಮೋಡದಲ್ಲಿ ಎಷ್ಟು ನೀರಿದೆ ಎಂಬುದು ಕಾಣುತ್ತಿತ್ತು, ಗಾಳಿ ಕಾಣುತ್ತಿರಲಿಲ್ಲ. ಡಾಪ್ಲರ್ ರಾಡಾರ್‌ಗೆ ಹನಿಗಳ ಓಟವೂ ಕಾಣುತ್ತದೆ. ರೈಲು ಹತ್ತಿರ ಬರುವಾಗ ಅದರ ಕೂಗು ತೀಕ್ಷ್ಣವಾಗಿ, ದೂರ ಹೋಗುವಾಗ ದಪ್ಪಗೆ ಕೇಳುತ್ತದೆ ಅಲ್ವಾ? ರಾಡಾರ್ ಅಲೆಯೂ ಹಾಗೆಯೇ ಬದಲಾಗಿ ವಾಪಸ್ ಬರುತ್ತದೆ. ಒಂದೇ ಜಾಗದಲ್ಲಿ ಒಂದು ಬದಿಯ ಹನಿಗಳು ರಾಡಾರ್ ಕಡೆಗೆ, ಇನ್ನೊಂದು ಬದಿಯವು ಅದರಿಂದ ದೂರಕ್ಕೆ ಓಡುತ್ತಿದ್ದರೆ, ಅಲ್ಲಿ ಗಾಳಿ ನೆಲಕ್ಕೆ ಬಡಿದು ಹರಡುತ್ತಿದೆ ಎಂದೇ ಅರ್ಥ. ಅಮೆರಿಕದಲ್ಲಿ ಸುಮಾರು 45 ವಿಮಾನ ನಿಲ್ದಾಣಗಳಿಗಾಗಿ ಇಂಥ ರಾಡಾರ್ ಹಾಕಿದರು. ವಿಮಾನದ ಮೂತಿಯಲ್ಲೂ ಇದೇ ಕೆಲಸ ಮಾಡುವ ರಾಡಾರ್ ಬಂತು. ಅದನ್ನು ಪರೀಕ್ಷಿಸಲು ನಾಸಾದ ಪೈಲಟ್‌ಗಳು 1991 ಮತ್ತು 1992ರಲ್ಲಿ ಬೋಯಿಂಗ್ 737 ಒಂದನ್ನು ಬೇಕೆಂದೇ ಮೈಕ್ರೋಬರ್ಸ್ಟ್‌ಗಳೊಳಗೆ ಹಾರಿಸಿದರು. ಈಗ ಅಪಾಯ ಮುಂದಿದ್ದರೆ ಕಾಕ್‌ಪಿಟ್‌ನಲ್ಲಿ ಯಂತ್ರದ ದನಿ ಕೂಗುತ್ತದೆ: 'ಗೋ ಅರೌಂಡ್, ವಿಂಡ್‌ಶಿಯರ್ ಅಹೆಡ್'. ಇಳಿಯಬೇಡ, ಮೇಲೇರು, ಮುಂದೆ ಗಾಳಿ ಇದ್ದಕ್ಕಿದ್ದ ಹಾಗೆ ಬದಲಾಗುತ್ತಿದೆ ಎಂದು. ಕೆಲವು ಸೆಕೆಂಡುಗಳ ಮುನ್ಸೂಚನೆ ಅಷ್ಟೇ. ಆ ಕೆಲವು ಸೆಕೆಂಡುಗಳೇ ಡೆಲ್ಟಾ ವಿಮಾನಕ್ಕೆ ಸಿಕ್ಕಿರಲಿಲ್ಲ.

ಇದೆಲ್ಲ ಸಮಯಕ್ಕೆ ಸರಿಯಾಗಿ ಎಲ್ಲ ಕಡೆ ಬರಲಿಲ್ಲ. ನಾರ್ತ್ ಕೆರೊಲಿನಾದ ಶಾರ್ಲಟ್ ನಿಲ್ದಾಣಕ್ಕೂ ಹೊಸ ರಾಡಾರ್ ಮಂಜೂರಾಗಿತ್ತು. ಅದನ್ನು ನಿಲ್ಲಿಸುವ ಜಾಗದ ತಕರಾರಿನಲ್ಲಿ ತಡವಾಯಿತು. 1994ರ ಜುಲೈ 2ರಂದು ಯುಎಸ್‌ಏರ್‌ನ ವಿಮಾನ ಅಲ್ಲಿ ಮೈಕ್ರೋಬರ್ಸ್ಟ್‌ಗೆ ಸಿಕ್ಕಿತು. 57 ಜನರಲ್ಲಿ 37 ಮಂದಿ ಹೋದರು. ಅದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

2012ರ ಏಪ್ರಿಲ್‌ನಲ್ಲಿ ಇಸ್ಲಾಮಾಬಾದ್ ಹತ್ತಿರ ಗುಡುಗುಮಳೆಯಲ್ಲಿ ಇಳಿಯಲು ಹೋದ ಭೋಜಾ ಏರ್ ವಿಮಾನ ಬಿದ್ದು 127 ಜನ ಸತ್ತರು. 2018ರಲ್ಲಿ ಮೆಕ್ಸಿಕೊದ ಡುರಾಂಗೊದಲ್ಲಿ ಮೇಲೇರುತ್ತಿದ್ದ ವಿಮಾನವನ್ನು ಮೈಕ್ರೋಬರ್ಸ್ಟ್ ನೆಲಕ್ಕೆ ಒಗೆಯಿತು. ಬೆಂಕಿ ಹಬ್ಬುವ ಮೊದಲೇ 103 ಜನರೂ ಹೊರಬಂದರು.

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲಿಂಕನ್ ಪ್ರಯೋಗಾಲಯದವರು ಅದೇ ಡಲ್ಲಾಸ್ ನಿಲ್ದಾಣದಲ್ಲಿ ಒಂದು ಅಧ್ಯಯನ ಮಾಡಿದರು. ಇಳಿಯಲು ಬರುವ ಪೈಲಟ್‌ಗಳು ಎದುರಿಗೆ ಗುಡುಗುಮೋಡ ಸಿಕ್ಕಾಗ ಏನು ಮಾಡುತ್ತಾರೆ ಎಂದು ರಾಡಾರ್ ದಾಖಲೆಗಳಿಂದ ನೋಡಿದರು. ಸುಮಾರು ಮೂರರಲ್ಲಿ ಎರಡು ಪಾಲು ಸಂದರ್ಭಗಳಲ್ಲಿ ಅವರು ಮೋಡದೊಳಗೇ ನುಗ್ಗಿದ್ದರು. ಯಾವಾಗ ಜಾಸ್ತಿ ನುಗ್ಗುತ್ತಿದ್ದರು ಎಂದರೆ, ವಿಮಾನ ತಡವಾಗಿದ್ದಾಗ, ಕತ್ತಲಾದ ಮೇಲೆ, ಮತ್ತು ತಮ್ಮ ಮುಂದೆ ಇನ್ನೊಂದು ವಿಮಾನ ಹೋಗುತ್ತಿದ್ದಾಗ. ಅವರು ಹೋದರಲ್ಲ, ನಾವೂ ಹೋಗಬಹುದು ಎಂದು. ಮನುಷ್ಯರ ಮನಸ್ಸೇ ಹಾಗೆ. ತುಂಬಿದ ಹಳ್ಳದಲ್ಲಿ ಮುಂದಿನ ಬಸ್ಸು ದಾಟಿದ್ದು ನೋಡಿ ನಾವೂ ಗಾಡಿ ಇಳಿಸುವುದಿಲ್ಲವೇ?

ಹಳ್ಳದ ನೀರಾದರೂ ಹತ್ತು ನಿಮಿಷದಲ್ಲಿ ಅಷ್ಟಾಗಿ ಬದಲಾಗುವುದಿಲ್ಲ. ಮೋಡದ ಲೆಕ್ಕ ಬೇರೆ. ಹತ್ತು ನಿಮಿಷದಲ್ಲಿ ಒಂದು ಮೈಕ್ರೋಬರ್ಸ್ಟ್ ಹುಟ್ಟಿ, ನೆಲಕ್ಕೆ ಬಡಿದು, ಹರಡಿ, ಸತ್ತೂ ಹೋಗಬಹುದು. ನಮಗಿಂತ ಹತ್ತು ನಿಮಿಷ ಮುಂಚೆ ಇಳಿದ ವಿಮಾನ ಇಳಿದದ್ದು ಬೇರೆಯದೇ ಆಕಾಶದಿಂದ.

ಆ ರಾತ್ರಿ ಚೆನ್ನೈಯಲ್ಲಿ ಎರಡು ಗಂಟೆ ಕೂತು, ಇಂಧನ ತುಂಬಿಸಿಕೊಂಡು ಮತ್ತೆ ಹೊರಟೆವು. ಹನ್ನೊಂದೂವರೆಗೆ ಬೆಂಗಳೂರಿನಲ್ಲಿ ಇಳಿದಾಗ ರನ್‌ವೇ ಇನ್ನೂ ಒದ್ದೆಯಾಗಿ ಮಿನುಗುತ್ತಿತ್ತು. ಮೆಟ್ಟಿಲಿಳಿದು ಹೊರಗೆ ಬಂದರೆ ಮಣ್ಣಿನ ವಾಸನೆ. ಹಿರಿಯರು ಬ್ಯಾಗ್ ಹೆಗಲಿಗೆ ಹಾಕಿಕೊಂಡು ತಲೆ ಎತ್ತಿ ನೋಡಿದರು. ಮೇಲೆ ನಕ್ಷತ್ರ ಕಾಣುತ್ತಿದ್ದವು, ಗಾಳಿ ಪೂರ್ತಿ ನಿಂತಿತ್ತು.